ಓದುಗರ ಗ್ಯಾರೇಜ್: ತಲೆ ಬೋಳಾದ ಡ್ರೇನ್ ಬೋಲ್ಟು

ಪ್ರಶ್ನೆ: ನನ್ನದು ಹಳೇ ಸ್ಪ್ಲೆಂಡರ್. ಮನೆಯಲ್ಲೇ ಆಯಿಲ್ ಬದಲಿಸೋಣವೆಂದು ಕೂತರೆ ಹಳೇ ಆಯಿಲ್ ಇಳಿಸುವ, ಎಂಜಿನ್ ಕೆಳಗಿನ ಡ್ರೇನ್ ಬೋಲ್ಟು ಜಪ್ಪಯ್ಯ ಅಂದರೂ ಬಿಚ್ಚುತ್ತಿಲ್ಲ. ಹೋದ ಸಲ ಗ್ಯಾರೇಜಿನಲ್ಲಿ ಬೋಲ್ಟು ತಿರುಗಿಸುವ ಗನ್ ಹಚ್ಚಿ ಬಿಗಿದಿದ್ದರು. ಈಗ ರಿಂಗ್ ಪಾನಾ ಜಾರಿ ಜಾರಿ ಮೂಲೆಗಳೆಲ್ಲ ಸವೆದಿವೆ. ಡ್ರಿಲ್ ಹಾಕಿ ತೆಗೆಸೋಣ ಅನ್ನುತ್ತಾನೆ ನಮ್ಮ ತಮ್ಮ. ಹಾಕಿಸಲೇ?
– ಓದುಗರೊಬ್ಬರು, ಜಮಖಂಡಿ

ಉತ್ತರ: ಡ್ರಿಲ್ ಈಗಲೇ ಬೇಡ, ತಮ್ಮನಿಗೆ ಚಹಾ ಕುಡಿಸಿ ಕೂರಿಸಿ. ಕಬ್ಬಿಣದ ಚೂರು ಎಂಜಿನ್ ಒಳಗೆ ಬಿದ್ದರೆ ಬೋಲ್ಟಿನ ಖರ್ಚು ಹೋಗಿ ಎಂಜಿನ್ನಿನ ಖರ್ಚು ಬರುತ್ತದೆ.

ಮೊದಲು ಒಂದು ಮಾತು ಖಾತ್ರಿ ಮಾಡಿಕೊಳ್ಳಿ: ಬಿಚ್ಚುತ್ತಿದ್ದೀರೋ, ಇನ್ನಷ್ಟು ಬಿಗಿಯುತ್ತಿದ್ದೀರೋ? ಬೋಲ್ಟಿನ ತಲೆ ನೆಲದ ಕಡೆ ಮುಖ ಮಾಡಿದೆ. ಕೆಳಗೆ ಮಲಗಿ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಬೇಕು. ಮೇಲಿಂದ ಬಗ್ಗಿ, ಅಂದಾಜಿನ ಮೇಲೆ ಪಾನಾ ಎಳೆಯುವವರು ಉಲ್ಟಾ ಎಳೆಯುತ್ತಾರೆ. ನನ್ನ ಗ್ಯಾರೇಜಿಗೆ ಬರುವ ಬೋಳು ಬೋಲ್ಟುಗಳಲ್ಲಿ ಇಂಥವು ಕಡಿಮೆ ಇಲ್ಲ.

ಇನ್ನು ಮಣ್ಣು. ನಿಮ್ಮ ಕಡೆ ಕಬ್ಬಿನ ಹೊಲದ ದಾರಿಯ ಎರಿ ಮಣ್ಣು ಬೋಲ್ಟಿನ ಸುತ್ತ ಒಣಗಿ ಸಿಮೆಂಟಿನಂತೆ ಕೂತಿರುತ್ತದೆ. ಪಾನಾ ಅರ್ಧ ತಲೆಯನ್ನಷ್ಟೇ ಹಿಡಿದು ಜಾರುವುದು ಅದಕ್ಕೇ. ಮೊಳೆಯಿಂದ ಕೆರೆದು, ಡೀಸೆಲ್ ಅದ್ದಿದ ಬ್ರಷ್‌ನಿಂದ ತಿಕ್ಕಿ, ತಲೆಯ ಬುಡದ ಅಂಚು ಬಿಳಿಯಾಗಿ ಕಾಣುವವರೆಗೆ ಬಿಡಬೇಡಿ. ತುಕ್ಕು ಬಿಡಿಸುವ ಸ್ಪ್ರೇಗೆ ದುಡ್ಡು ಹಾಕಬೇಡಿ. ಥ್ರೆಡ್ಡು ಒಳಗಿನಿಂದ ಸದಾ ಆಯಿಲ್‌ನಲ್ಲೇ ಇರುತ್ತದೆ, ಅಲ್ಲಿ ತುಕ್ಕೆಲ್ಲಿ? ಹಿಡಿದಿರುವುದು ಆ ಗನ್ನಿನ ಬಿಗಿತ.

ಎಂಜಿನ್ ಎರಡು ಮೂರು ನಿಮಿಷ ಓಡಿಸಿ ಬಂದ್ ಮಾಡಿ. ಕೈಸುಡುವಷ್ಟು ಬೇಡ. ಎಂಜಿನ್ ಕೇಸು ಅಲ್ಯುಮಿನಿಯಂ, ಬೋಲ್ಟು ಉಕ್ಕು. ಕಾವಿಗೆ ಅಲ್ಯುಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ, ಹಿಡಿತ ಒಂಚೂರು ಸಡಿಲವಾಗುತ್ತದೆ.

ಈಗ ಹಿಡಿಯುವುದು. ತಲೆಯಲ್ಲಿ ಉಳಿದ ಲೋಹವೇ ನಿಮ್ಮ ಬಂಡವಾಳ. ಪ್ರತಿ ಸಲ ಪಾನಾ ಜಾರಿದಾಗಲೂ ಅದು ಕರಗುತ್ತದೆ. ನಿಮ್ಮ ರಿಂಗ್ ಪಾನಾ ಹನ್ನೆರಡು ಮೂಲೆಯದು, ಮೂಲೆಯ ತುದಿಗಷ್ಟೇ ತಾಗುತ್ತದೆ. ಆರು ಮೂಲೆಯ 17 ಎಂಎಂ ಸಾಕೆಟ್ ತಂದು, ಕೆಳಗಿನಿಂದ ಅಂಗೈಯಲ್ಲಿ ಒತ್ತಿ ಹಿಡಿದು, ಉದ್ದ ಹಿಡಿಕೆಯಿಂದ ಒಂದೇ ಜಗ್ಗು ಜಗ್ಗಿ. ಜಾರಿತೋ, ಅದನ್ನು ಅಲ್ಲಿಗೇ ಬಿಡಿ. ಅರ ಹಿಡಿದು ಎದುರುಬದುರು ಎರಡು ಮುಖ ಉಜ್ಜಿ 16 ಎಂಎಂ ಫಿಕ್ಸ್ ಪಾನಾ (ಬಾಯಿ ತೆರೆದದ್ದು) ತಟ್ಟಿದರೆ ಮಾತ್ರ ಏರುವಂತೆ ಮಾಡಿ. ಸರಾಗವಾಗಿ ಏರಿದರೆ ಹೆಚ್ಚು ಉಜ್ಜಿದ್ದೀರಿ ಅಂತ ಲೆಕ್ಕ. ಅದೇ ಚಪ್ಪಟೆ ಮುಖಗಳಿಗೆ ವೈಸ್‌ಗ್ರಿಪ್ಪೂ (ಲಾಕ್ ಆಗುವ ಇಕ್ಕಳ) ಗಟ್ಟಿಯಾಗಿ ಕಚ್ಚುತ್ತದೆ. ಹತ್ತರಲ್ಲಿ ಎಂಟು ಬೋಲ್ಟು ಇಲ್ಲೇ ಬಿಚ್ಚಿಕೊಳ್ಳುತ್ತವೆ. ಉಳಿದವಕ್ಕೆ ಚೂಪು ಛೇಣಿಯನ್ನು ತಲೆಯ ಅಂಚಿಗೆ ಓರೆಯಾಗಿಟ್ಟು ಬಿಚ್ಚುವ ದಿಕ್ಕಿಗೆ ಸಣ್ಣ ಸಣ್ಣ ಏಟು. ಏಟು ಪಕ್ಕಕ್ಕೆ ಬೀಳಬೇಕು, ಮೇಲಕ್ಕಲ್ಲ. ಮೇಲೆ ಇರುವುದು ಅಲ್ಯುಮಿನಿಯಂ ಕೇಸು, ಬಿರುಕು ಬಿಟ್ಟರೆ ಗೋಳು ತಪ್ಪದು.

ಅದಕ್ಕೂ ಜಗ್ಗದಿದ್ದರೆ ವೆಲ್ಡಿಂಗ್. ಬೋಳು ತಲೆಯ ಮೇಲೊಂದು ನಟ್ ಇಟ್ಟು ನಡುವಿನ ತೂತಿನಲ್ಲಿ ವೆಲ್ಡ್ ತುಂಬಿಸಿದರೆ ಹೊಸ ತಲೆಯೂ ಸಿಕ್ಕಿತು, ಕಾವಿಗೆ ಬೋಲ್ಟೂ ಸಡಿಲಾಯಿತು. ಆದರೆ ಮೊದಲು ಬ್ಯಾಟರಿ ವೈರು ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ, ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ತೂತಿನಿಂದ ಸಿರಿಂಜು-ಪೈಪು ಹಾಕಿ ಆಯಿಲ್ ಎಳೆದುಬಿಡಿ, ಕೆಳಗಿನ ಜಿಡ್ಡು ಒರೆಸಿ. ಇದನ್ನು ಮನೆಯ ಅಂಗಳದಲ್ಲಿ ಮಾಡಬೇಡಿ. ಬೆಳಗಾವಿಗೆ ಬರುವುದಿದ್ದರೆ ಅಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಇಂಥ ಕೆಲಸ ಮಾಡುವ ಕೈಗಳು ಬೇಕಾದಷ್ಟಿವೆ.

ಪ್ರಶ್ನೆ: ಬೋಳಾದ ಬೋಲ್ಟು ತೆಗೆಸಿ ಹೊಸದು ಹಾಕಿಸಿದೆ. ಬೆಳಗಾಗುವಷ್ಟರಲ್ಲಿ ನೆಲದ ಮೇಲೆ ಒಂದೆರಡು ಹನಿ ಆಯಿಲ್ ಇರುತ್ತದೆ. ಇನ್ನೂ ಬಿಗಿಯಲೇ?
– ಓದುಗರೊಬ್ಬರು, ಇಂಡಿ

ಉತ್ತರ: ಬಿಗಿಯಬೇಡಿ. ಬಿಗಿದು ಬಿಗಿದೇ ಅಲ್ಲವೇ ಹಿಂದಿನದು ಬೋಳಾದದ್ದು! ವಾಷರ್ ಹೊಸದೋ ನೋಡಿ. ಹಳೇ ವಾಷರ್ ಕೇಸಿಗೇ ಅಂಟಿಕೊಂಡಿದ್ದು, ಅದರ ಮೇಲೆ ಇನ್ನೊಂದು ಕೂತಿರುವುದುಂಟು. ಉಗುರಿನಿಂದ ಕೆರೆದು ನೋಡಿ. ಬಿಗಿತ 25ರಿಂದ 30 ನ್ಯೂಟನ್ ಮೀಟರ್ ಸಾಕು. ಅಂದರೆ ಗಿಡ್ಡ ಪಾನಾದಲ್ಲಿ ಒಂದೇ ಕೈಯ ಬಲ, ಕಾಲು ಕೊಟ್ಟು ತುಳಿಯುವುದಲ್ಲ. ಬಿಗಿದಷ್ಟೂ ತಿರುಗುತ್ತಲೇ ಇದ್ದರೆ ಕೇಸಿನ ಥ್ರೆಡ್ಡೇ ಹೋಗಿದೆ. ಆಗ ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ ಆಗಿ ಕೂರುವ ತಂತಿ ಸುರುಳಿ, ಹಾಕಿಸಿ. ಥ್ರೆಡ್ ಕೊರೆಯುವ ಟ್ಯಾಪಿಗೆ ಗ್ರೀಸ್ ಮೆತ್ತಲು ಹೇಳಿ, ಚೂರುಗಳು ಅದಕ್ಕೇ ಅಂಟುತ್ತವೆ. ಕೆಲಸ ಮುಗಿದ ಮೇಲೆ ಒಂದಿಷ್ಟು ಆಯಿಲ್ ಸುರಿದು ತೂತಿನಿಂದ ಹರಿಯಬಿಡಿ. ದಪ್ಪ ಬೋಲ್ಟನ್ನು ಬಲವಂತದಿಂದ ತಿರುಗಿಸಿ ಹೊಸ ಥ್ರೆಡ್ ಕೊರೆಯುವ ಜುಗಾಡಿಗೆ ಮಾತ್ರ ಒಪ್ಪಬೇಡಿ.

ಪ್ರಶ್ನೆ: ಬೋಲ್ಟಿನ ಗೊಡವೆಯೇ ಬೇಡ, ಪ್ರತಿ ಸಲ ಸಿರಿಂಜಿನಿಂದಲೇ ಆಯಿಲ್ ಎಳೆದರೆ ಆಗದೇ?
– ಓದುಗರೊಬ್ಬರು, ಗೋಕಾಕ

ಉತ್ತರ: ಒಂದು ಸಲ ಆದೀತು. ತಳದ ಗಸಿಯನ್ನು ಸಿರಿಂಜು ಎಳೆಯುವುದಿಲ್ಲ, ಹೊಸ ಆಯಿಲ್ ಅದರ ಮೇಲೇ ಬೀಳುತ್ತದೆ. ಮುಂದಿನ ಆಯಿಲ್ ಬದಲಿಸುವಷ್ಟರಲ್ಲಿ ಬೋಲ್ಟು ತೆಗೆಸಿ.