ಕೀಲಿ ಯಾರ ಕೈಯಲ್ಲಿತ್ತು?

ಓದುಗರ ಪತ್ರ

ಕಳೆದ ಸಂಚಿಕೆಯಲ್ಲಿ ನ್ಯೂಯಾರ್ಕಿನ ಚೈಲ್ಡ್ ವಿಕ್ಟಿಮ್ಸ್ ಆಕ್ಟ್ ಬಗ್ಗೆ, ಅಂದರೆ ಬಾಲ್ಯದಲ್ಲಿ ಆದ ಲೈಂಗಿಕ ದೌರ್ಜನ್ಯಕ್ಕೆ ಅವಧಿ ಮುಗಿದ ಮೇಲೂ ದಾವೆ ಹಾಕಲು ಬಿಟ್ಟ ಕಾನೂನಿನ ಬಗ್ಗೆ, ಬಂದ ಲೇಖನ ಓದಿದೆ. ಮೂವತ್ತು ವರ್ಷ ಕೋರ್ಟಿನಲ್ಲಿ ಕೆಲಸ ಮಾಡಿದವನು ನಾನು. ನಲವತ್ತು ವರ್ಷದ ಹಿಂದೆ ನಡೆದ ಲೈಂಗಿಕ ದೌರ್ಜನ್ಯಕ್ಕೆ ಇವತ್ತು ದಾವೆ ಹಾಕಲು ಬಿಟ್ಟರೆ ಅದು ಗೋರಿ ಅಗೆದ ಹಾಗೆ. ಸಾಕ್ಷಿ ಹೇಳುವವರು ಉಳಿದಿರುವುದಿಲ್ಲ. ಆರೋಪಿಯೂ ತೀರಿಕೊಂಡಿರಬಹುದು. ಯಾರದೋ ತಪ್ಪಿಗೆ ಇವತ್ತಿನ ಶಾಲೆ, ಇವತ್ತಿನ ಚರ್ಚು ದುಡ್ಡು ಕಟ್ಟಬೇಕು. ಅಷ್ಟು ನೋವಾಗಿದ್ದರೆ ಆಗಲೇ ಯಾಕೆ ಹೇಳಲಿಲ್ಲ? ದಾವೆಗೆ ಇಂತಿಷ್ಟೇ ಅವಧಿ ಅಂತ ಗೆರೆ ಹಾಕುವ ಲಿಮಿಟೇಶನ್ ಕಾಯ್ದೆ ಸುಮ್ನೆ ಬಂದದ್ದಲ್ಲ. ಅಷ್ಟಕ್ಕೂ ಅಮೆರಿಕದವರ ಈ ಜಗಳ ನಮಗೇಕೆ?

— ನಿವೃತ್ತ ಶಿರಸ್ತೇದಾರರು, ಹಾಸನ ಜಿಲ್ಲೆ

ಸಂಪಾದಕರ ಉತ್ತರ

ಹಿರಿಯರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಎತ್ತಿದ ಪ್ರಶ್ನೆಗಳನ್ನೇ ಅಮೆರಿಕದ ಹಲವು ರಾಜ್ಯಗಳ ಶಾಸನಸಭೆಗಳಲ್ಲಿ ಎತ್ತಿದ್ದಾರೆ. ನ್ಯೂಯಾರ್ಕಿನಲ್ಲಿ ಈ ಮಸೂದೆ ಮೊದಲು ಬಂದದ್ದು 2006ರಲ್ಲಿ, ಪಾಸಾದದ್ದು 2019ರಲ್ಲಿ. ಅಷ್ಟೂ ವರ್ಷ ಅದನ್ನು ತಡೆದು ನಿಲ್ಲಿಸಿದ್ದು ಹೆಚ್ಚುಕಡಿಮೆ ನಿಮ್ಮ ಈ ಮಾತುಗಳೇ. ಹಾಗಾಗಿ ನಾಲ್ಕು ಸಾಲಲ್ಲಿ ಉತ್ತರ ಕೊಟ್ಟು ಮುಗಿಸಲು ಮನಸ್ಸಾಗಲಿಲ್ಲ.

ಲಿಮಿಟೇಶನ್ ಬೇಕು. ಅದರಲ್ಲಿ ನನಗೇನೂ ತಕರಾರಿಲ್ಲ. ಅಜ್ಜ ಬರೆದುಕೊಟ್ಟ ಸಾಲಪತ್ರ ಹಿಡಿದು ಮೊಮ್ಮಗನ ಬಾಗಿಲು ಬಡಿಯುವಂತಿದ್ದರೆ ಊರಲ್ಲಿ ಯಾರೂ ನೆಮ್ಮದಿಯಾಗಿ ಮಲಗುವ ಹಾಗಿರಲಿಲ್ಲ. ಆದರೆ ಆ ಕಾಯ್ದೆ ಒಂದು ಮಾತನ್ನು ಒಪ್ಪಿಕೊಂಡೇ ಹೊರಡುತ್ತದೆ. ದಾವೆ ಹಾಕಬೇಕಾದವನಿಗೆ ತನಗೆ ಅನ್ಯಾಯವಾಗಿದೆ ಅಂತ ಗೊತ್ತಿತ್ತು. ಕೋರ್ಟಿಗೆ ಬರುವ ದಾರಿಯೂ ಇತ್ತು. ಆದರೂ ಅವನು ಸುಮ್ಮನೆ ಕೂತ. ಸಾಲದ ವಿಷಯದಲ್ಲಿ ಇದು ಸರಿ. ಒಂಬತ್ತು ವರ್ಷದ ಮಗುವಿನ ವಿಷಯದಲ್ಲಿ ಸರಿಯೇ?

ಸ್ವಲ್ಪ ಹಿಂದೆ ಒಬ್ಬ ಮಹಿಳೆ ನಮ್ಮ ಕಚೇರಿಗೆ ಬಂದಿದ್ದರು. ಐವತ್ತೇಳು ವರ್ಷದವರು. ಒಂಬತ್ತನೇ ವಯಸ್ಸಿನಲ್ಲಿ ಮನೆಪಾಠಕ್ಕೆ ಹೋಗುತ್ತಿದ್ದ ಕಡೆ ಮೇಷ್ಟ್ರು ಮಾಡಿದ್ದನ್ನು ಎರಡೇ ವಾಕ್ಯದಲ್ಲಿ ಹೇಳಿ ಮುಗಿಸಿದರು. ಆಮೇಲೆ ಅರ್ಧ ಗಂಟೆ ಆ ಕೋಣೆಯ ಬಗ್ಗೆ ಹೇಳಿದರು. ಒಳಗೆ ಪಂಪ್ ಸ್ಟೌ ಉರಿಯುವ ಸದ್ದು. ನೆಲದ ಮೇಲೆ ಹಾಸಿದ್ದ ಚಾಪೆ. ಮೇಷ್ಟ್ರು ಪ್ರತಿ ಸಲವೂ ಹದಿಮೂರರ ಮಗ್ಗಿ ಜೋರಾಗಿ ಹೇಳು ಅನ್ನುತ್ತಿದ್ದರಂತೆ. ಹೊರಗಿನವರಿಗೆ ಪಾಠ ನಡೆಯುತ್ತಿದೆ ಅಂತ ಕೇಳಬೇಕಲ್ಲ. ಮುಂದೆ ಎಷ್ಟೋ ವರ್ಷ ಕಳೆದ ಮೇಲೆ ಮೊಮ್ಮಗಳಿಗೆ ಮಗ್ಗಿ ಹೇಳಿಕೊಡಲು ಕೂತಾಗ ಹದಿಮೂರಕ್ಕೆ ಬಂದು ಬಾಯಿ ಕಟ್ಟಿಹೋಯಿತು. ಆವತ್ತು ರಾತ್ರಿ ಮೊದಲ ಸಲ ಮಗಳ ಹತ್ತಿರ ಹೇಳಿದರು.

ನೀವು ಕೇಳಿದ ಪ್ರಶ್ನೆಯನ್ನೇ ನಾನೂ ಅವರಿಗೆ ಕೇಳಿದ್ದೆ. ಆಗಲೇ ಯಾಕೆ ಹೇಳಲಿಲ್ಲ ಅಮ್ಮಾ ಅಂತ. ‘ಏನಂತ ಹೇಳಲಿ ಸರ್? ಅದಕ್ಕೆ ಏನನ್ನಬೇಕು ಅಂತಾನೇ ಗೊತ್ತಿರಲಿಲ್ಲ. ಮೇಷ್ಟ್ರು ಮನೆಗೆ ಬಂದ್ರೆ ನಮ್ಮಪ್ಪ ಎದ್ದು ನಿಲ್ತಿದ್ರು’ ಅಂದರು. ಹಾಗೆ ಕೇಳಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಈಗ ನಿಮ್ಮ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಕಾಲ ಕಳೆದರೆ ಪುರಾವೆ ಹಾಳಾಗುತ್ತದೆ ಅನ್ನುತ್ತೀರಿ. ಇದಕ್ಕೆ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಏನಾಯಿತು ಅಂತ ನೋಡಬೇಕು.

ಪಾದ್ರಿಗಳು ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯದ ಬಗ್ಗೆ 2018ರ ಆಗಸ್ಟ್ 14ರಂದು ಅಲ್ಲಿನ ಗ್ರ್ಯಾಂಡ್ ಜ್ಯೂರಿಯ ವರದಿ ಹೊರಬಂತು. ಗ್ರ್ಯಾಂಡ್ ಜ್ಯೂರಿ ಅಂದರೆ ಸಾಮಾನ್ಯ ನಾಗರಿಕರನ್ನು ಕೂರಿಸಿ ಮಾಡುವ ತನಿಖೆ. ಅವರು ಆರು ಕ್ಯಾಥೊಲಿಕ್ ಧರ್ಮಪ್ರಾಂತ್ಯಗಳ (ಒಬ್ಬೊಬ್ಬ ಬಿಷಪ್‌ನ ಆಡಳಿತಕ್ಕೆ ಸೇರಿದ ಪ್ರದೇಶಗಳ) ಸುಮಾರು ಐದು ಲಕ್ಷ ಪುಟದ ಒಳಗಿನ ಕಾಗದಪತ್ರ ತರಿಸಿಕೊಂಡು ಓದಿದರು. ಎಪ್ಪತ್ತು ವರ್ಷದ ಲೆಕ್ಕ ಅದು. 300ಕ್ಕೂ ಹೆಚ್ಚು ಪಾದ್ರಿಗಳ ಹೆಸರು, ಗುರುತಿಸಬಹುದಾದ 1,000ಕ್ಕೂ ಹೆಚ್ಚು ಮಕ್ಕಳು. ಅಷ್ಟೂ ಜನರಲ್ಲಿ ಕ್ರಿಮಿನಲ್ ಕೇಸು ಹಾಕಲು ಸಾಧ್ಯವಾದದ್ದು ಇಬ್ಬರೇ ಪಾದ್ರಿಗಳ ಮೇಲೆ. ಉಳಿದ ಹೆಚ್ಚಿನವರ ವಿಷಯದಲ್ಲಿ ಅವಧಿ ಮುಗಿದಿತ್ತು, ಇಲ್ಲವೇ ಅವರೇ ತೀರಿಕೊಂಡಿದ್ದರು.

ಆ ಕಾಗದಗಳು ಎಲ್ಲಿದ್ದವು? ಕ್ಯಾಥೊಲಿಕ್ ಧರ್ಮಸಭೆಯ ಕಾನೂನಿನ ಪ್ರಕಾರ ಪ್ರತಿ ಧರ್ಮಪ್ರಾಂತ್ಯದಲ್ಲೂ ಒಂದು ರಹಸ್ಯ ದಾಖಲೆಯ ಕಪಾಟು ಇರಬೇಕು. ಅದರ ಕೀಲಿ ಬಿಷಪ್ ಒಬ್ಬರ ಬಳಿ ಮಾತ್ರ ಇರಬೇಕು. ದೂರು ಬಂದಿತ್ತು, ವಿಚಾರಿಸಿದ್ದರು, ಬರೆದಿಟ್ಟಿದ್ದರು, ಬೀಗ ಹಾಕಿದ್ದರು. ಕಾಗದದಲ್ಲೂ ಅತ್ಯಾಚಾರ ಅಂತ ಬರೆಯುತ್ತಿರಲಿಲ್ಲ, ‘ಅನುಚಿತ ಸಂಪರ್ಕ’ ಅಂತ ಬರೆಯುತ್ತಿದ್ದರು. ಪಾದ್ರಿಯನ್ನು ತೆಗೆದರೆ ಊರಿನವರಿಗೆ ಅನಾರೋಗ್ಯದ ರಜೆ ಅಂತ ಹೇಳುತ್ತಿದ್ದರು. ಪೊಲೀಸರಿಗೆ ಹೇಳುತ್ತಿರಲಿಲ್ಲ. ಎಫ್‌ಬಿಐನ ಪರಿಣತರು ಈ ಕಡತಗಳನ್ನು ನೋಡಿ ಎಲ್ಲ ಕಡೆಯೂ ಒಂದೇ ಪಟ್ಟು ಬಳಸಿದ್ದಾರೆ ಅಂತ ಗುರುತಿಸಿದರು.

ಇಲ್ಲಿ ಪುರಾವೆ ಕಾಲದಿಂದ ಹಾಳಾಗಿರಲಿಲ್ಲ ಸ್ವಾಮಿ. ಎದುರುದಾರರ ಕಪಾಟಿನಲ್ಲಿ ಭದ್ರವಾಗಿತ್ತು. ಮಗುವಿಗೆ ತನ್ನ ಹಾಗೆ ಇನ್ನೊಬ್ಬ ಇದ್ದಾನೆ ಅಂತಾನೂ ಗೊತ್ತಿರಲಿಲ್ಲ. ಬಿಷಪ್‌ಗೆ ಗೊತ್ತಿತ್ತು. ಗಡಿಯಾರ ಮಾತ್ರ ಮಗುವಿನ ವಿರುದ್ಧ ಓಡುತ್ತಿತ್ತು. ಬಚ್ಚಿಟ್ಟವನಿಗೇ ಅವಧಿಯ ಲಾಭ ಸಿಗುವುದಾದರೆ ಅದು ಲಿಮಿಟೇಶನ್ ಕಾಯ್ದೆ ಮಾಡಿದವರ ಉದ್ದೇಶವಾಗಿರಲಿಲ್ಲ ಅಂತ ನನ್ನ ನಂಬಿಕೆ. ಮೋಸದಿಂದ ವಿಷಯ ಮುಚ್ಚಿಟ್ಟರೆ ಆ ಮೋಸ ಗೊತ್ತಾದ ದಿನದಿಂದ ಅವಧಿ ಎಣಿಸಬೇಕು ಅಂತ ನಮ್ಮ 1963ರ ಕಾಯ್ದೆಯ 17ನೇ ಕಲಮೇ ಹೇಳುತ್ತದೆ. ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಆ ಗ್ರ್ಯಾಂಡ್ ಜ್ಯೂರಿ ಒಂದು ಶಿಫಾರಸು ಮಾಡಿತ್ತು. ಅವಧಿ ಮುಗಿದವರಿಗೂ ಸಿವಿಲ್ ದಾವೆ ಹಾಕಲು ಸ್ವಲ್ಪ ಕಾಲ ಬಾಗಿಲು ತೆರೆದಿಡಿ ಅಂತ. ಅಲ್ಲಿನವರು ಇದನ್ನು ‘ವಿಂಡೋ’ ಅನ್ನುತ್ತಾರೆ. ರಾಜ್ಯದ ಮೇಲ್ಮನೆಯಾದ ಸೆನೆಟ್ 2018ರಲ್ಲಿ ಅದನ್ನು ಮತಕ್ಕೇ ಹಾಕಲಿಲ್ಲ. ಒಮ್ಮೆ ಅವಧಿ ಮುಗಿದ ಮೇಲೆ ಎದುರುದಾರನಿಗೆ ಸಿಕ್ಕ ರಕ್ಷಣೆಯನ್ನು ಕಿತ್ತುಕೊಳ್ಳಲು ರಾಜ್ಯದ ಸಂವಿಧಾನ ಬಿಡುವುದಿಲ್ಲ ಅನ್ನುವುದು ಸೆನೆಟ್ ನಾಯಕರ ವಾದ. ಸರಿ, ಹಾಗಾದರೆ ಸಂವಿಧಾನವನ್ನೇ ತಿದ್ದೋಣ ಅಂತ ಹೊರಟರು. ಅದಕ್ಕೆ ಒಂದರ ಹಿಂದೆ ಒಂದು ಎರಡು ಅಧಿವೇಶನಾವಧಿಗಳಲ್ಲಿ ಪಾಸಾಗಬೇಕು, ಪತ್ರಿಕೆಗಳಲ್ಲಿ ಜಾಹೀರಾತು ಕೊಡಬೇಕು, ಆಮೇಲೆ ಜನರ ಮತಕ್ಕೆ ಹೋಗಬೇಕು. ಮೊದಲ ಸುತ್ತು ಪಾಸಾಯಿತು. 2021ರ ಮೇ ತಿಂಗಳಲ್ಲಿ ಜನ ಮತ ಹಾಕಬೇಕಿತ್ತು.

ಆ ಜಾಹೀರಾತನ್ನು ಸರ್ಕಾರದ ಇಲಾಖೆ ಕೊಡಲೇ ಇಲ್ಲ. ಮರೆತುಬಿಟ್ಟರು. 2021ರ ಫೆಬ್ರುವರಿಯಲ್ಲಿ ಅದು ಗೊತ್ತಾಯಿತು. ಇಲಾಖೆಯ ಮುಖ್ಯಸ್ಥೆ ಕ್ಯಾಥಿ ಬೂಕ್ವರ್ ರಾಜೀನಾಮೆ ಕೊಟ್ಟರು. ಇಡೀ ಕೆಲಸ ಮತ್ತೆ ಮೊದಲಿನಿಂದ ಶುರುವಾಗಬೇಕಾಯಿತು. ಒಂದು ನೋಟಿಸ್ ಹೊರಡದಿದ್ದರೆ ಕಕ್ಷಿದಾರನ ಗತಿ ಏನಾಗುತ್ತದೆ ಅಂತ ಶಿರಸ್ತೇದಾರರಿಗೆ ನಾನು ಹೇಳಬೇಕಾಗಿಲ್ಲ.

ಈ ಹೋರಾಟದಲ್ಲಿ ಮುಂದೆ ನಿಂತಿದ್ದವರು ಮಾರ್ಕ್ ರಾಝಿ ಅನ್ನುವ ಶಾಸಕರು. ಹದಿಮೂರನೇ ವಯಸ್ಸಿನಲ್ಲಿ ತಮ್ಮ ಮೇಲೆ ಪಾದ್ರಿಯೊಬ್ಬರು ಅತ್ಯಾಚಾರ ಮಾಡಿದ್ದನ್ನು ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಅಂಥದ್ದನ್ನೇ ಅನುಭವಿಸಿದ್ದ ಬಾಲ್ಯದ ಗೆಳೆಯ ಆತ್ಮಹತ್ಯೆ ಮಾಡಿಕೊಂಡ ಮೇಲೆ ರಾಜಕೀಯಕ್ಕೆ ಬಂದವರು ಅವರು. 2023ರ ಜನವರಿಯಲ್ಲಿ ಕೆಳಮನೆಯ ಸ್ಪೀಕರ್ ಕೂಡ ಆದರು. ಅಷ್ಟಾದರೂ ಆಗಲಿಲ್ಲ. ಸೆನೆಟ್ ಈ ತಿದ್ದುಪಡಿಯ ಜತೆಗೆ ಮತದಾರರ ಗುರುತಿನ ಚೀಟಿಯಂಥ ಬೇರೆ ತಿದ್ದುಪಡಿಗಳನ್ನು ಒಂದೇ ಗಂಟು ಕಟ್ಟಿತು. ಕೆಳಮನೆ ಇದೊಂದನ್ನೇ ಬೇರೆಯಾಗಿ ಪಾಸು ಮಾಡಿತು. ಎರಡೂ ಸೇರಲಿಲ್ಲ. ಆ ಅವಕಾಶವೂ ಕೈತಪ್ಪಿತು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಮುಚ್ಚಿಡಲ್ಲ.

ನ್ಯೂಯಾರ್ಕಿನ ಕಥೆ ಬೇರೆ. ಅಲ್ಲಿ ಮೊದಲು ನೊಂದವರು ತಮಗೆ 23 ವರ್ಷ ತುಂಬುವುದರೊಳಗೆ ದಾವೆ ಹಾಕಬೇಕಿತ್ತು. ಸೆನೆಟ್ಟಿನಲ್ಲಿ ಬಹುಮತವಿದ್ದ ಪಕ್ಷ ಮಸೂದೆಯನ್ನು ಮತಕ್ಕೆ ತರಲೇ ಬಿಡುತ್ತಿರಲಿಲ್ಲ. 2018ರ ಚುನಾವಣೆಯಲ್ಲಿ ಬಹುಮತ ಬದಲಾಯಿತು. ಚರ್ಚಿನವರು ಒಂದು ನ್ಯಾಯವಾದ ಮಾತು ಎತ್ತಿದ್ದರು. ನಮ್ಮನ್ನು ಹಿಡಿದು ಸರ್ಕಾರಿ ಶಾಲೆಗಳನ್ನು ಯಾಕೆ ಬಿಡುತ್ತೀರಿ ಅಂತ. ಸರ್ಕಾರಿ ಸಂಸ್ಥೆಗಳನ್ನೂ ಸೇರಿಸಿದರು, ಚರ್ಚಿನ ವಿರೋಧ ನಿಂತಿತು. 2019ರ ಜನವರಿ 28ರಂದು ಚರ್ಚೆ ನಡೆಯುವಾಗ ಶಾಸಕಿಯರೇ ಎದ್ದು ತಮ್ಮ ಮೇಲೆ ಬಾಲ್ಯದಲ್ಲಿ ಆದದ್ದನ್ನು ಹೇಳಿದರು. ಸೆನೆಟ್ಟಿನಲ್ಲಿ 63 ಮತ ಪರ, ವಿರೋಧ ಒಂದೂ ಇಲ್ಲ. ಹದಿಮೂರು ವರ್ಷ ತಡೆದ ಮಸೂದೆಗೆ ಕೈಯೆತ್ತಿ ಬೇಡ ಅನ್ನಲು ಆವತ್ತು ಅಲ್ಲಿ ಯಾರಿಗೂ ಮನಸ್ಸಾಗಲಿಲ್ಲ. ಆಗಸ್ಟ್ 14ಕ್ಕೆ ಬಾಗಿಲು ತೆರೆಯಿತು. ಮೊದಲ ದಿನವೇ 400ಕ್ಕೂ ಹೆಚ್ಚು ದಾವೆ. ಕೊರೊನಾ ಕಾರಣಕ್ಕೆ ಅವಧಿ ವಿಸ್ತರಿಸಿ 2021ರ ಆಗಸ್ಟ್‌ನಲ್ಲಿ ಬಾಗಿಲು ಮುಚ್ಚುವ ಹೊತ್ತಿಗೆ ಸುಮಾರು 11,000.

ಗೋರಿ ಅಗೆಯುವುದು ಅಂದಿರಿ. ಅವಧಿ ಮುಗಿದ ಅಪರಾಧಕ್ಕೆ ಹೊಸ ಕಾನೂನು ತಂದು ಯಾರನ್ನಾದರೂ ಜೈಲಿಗೆ ಕಳಿಸುತ್ತಾರೆ ಅನ್ನುವ ಆತಂಕವಿದ್ದರೆ ಅದು ಬೇಡ. ಕ್ಯಾಲಿಫೋರ್ನಿಯಾ ಹಾಗೆ ಮಾಡಲು ಹೋಗಿತ್ತು. 2003ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4 ಬಹುಮತದಿಂದ ಅದನ್ನು ತಳ್ಳಿಹಾಕಿತು. ಈಗ ನಡೆಯುತ್ತಿರುವುದೆಲ್ಲ ಸಿವಿಲ್ ದಾವೆ, ಪರಿಹಾರದ ಪ್ರಶ್ನೆ. ರುಜುವಾತು ಮಾಡುವ ಹೊಣೆ ದೂರುದಾರನ ಮೇಲೇ ಇದೆ. ಪುರಾವೆ ಇಲ್ಲದಿದ್ದರೆ ದಾವೆ ಬಿದ್ದುಹೋಗುತ್ತದೆ. ಹೊಸ ಕಾನೂನು ಅವರನ್ನು ಗೆಲ್ಲಿಸುವುದಿಲ್ಲ. ಕೋರ್ಟಿನ ಮೆಟ್ಟಿಲು ಹತ್ತಲು ಬಿಡುತ್ತದೆ, ಅಷ್ಟೇ.

ಇವತ್ತಿನವರು ಯಾಕೆ ದುಡ್ಡು ಕಟ್ಟಬೇಕು ಅನ್ನುವ ಮಾತಿನಲ್ಲಿ ತೂಕವಿದೆ. ಅಲ್ಲಿನ ವಕೀಲರು 1960, 70ರ ದಶಕದ ಹಳೆಯ ವಿಮಾ ಪಾಲಿಸಿಗಳನ್ನು ಹುಡುಕಿ ತೆಗೆಯುತ್ತಾರೆ. ಆ ಕಾಲದಲ್ಲಿ ನಡೆದದ್ದಕ್ಕೆ ಆ ಕಾಲದ ಪಾಲಿಸಿಯೇ ಹೊಣೆ ಅಂತ ಕೇಳುತ್ತಾರೆ. ನ್ಯೂಯಾರ್ಕಿನ ರಾಕ್‌ವಿಲ್ ಸೆಂಟರ್ ಧರ್ಮಪ್ರಾಂತ್ಯ 2024ರಲ್ಲಿ 32.3 ಕೋಟಿ ಡಾಲರಿಗೆ ಒಪ್ಪಂದ ಮಾಡಿಕೊಂಡಾಗ ವಿಮಾ ಕಂಪನಿಗಳೂ ಪಾಲು ಹಾಕಿದವು. ಆದರೆ ಎಲ್ಲ ಕಡೆಯೂ ವಿಮೆ ಸಿಗುವುದಿಲ್ಲ. ಲಾಸ್ ಏಂಜಲಿಸ್ ಕೌಂಟಿ ತನ್ನ ಮಕ್ಕಳ ಬಂದೀಖಾನೆ ಮತ್ತು ಆಶ್ರಯಧಾಮಗಳಲ್ಲಿ ನಡೆದದ್ದಕ್ಕೆ 2025ರಲ್ಲಿ 400 ಕೋಟಿ ಡಾಲರ್ ಒಪ್ಪಿಕೊಂಡಿತು. ಅದು ತೆರಿಗೆ ಹಣ. ಕೆಲವರಿಗೆ ದುಡ್ಡು ಕೊಟ್ಟು ದಾವೆ ಹಾಕಿಸಿದ್ದಾರೆ ಅನ್ನುವ ಆರೋಪವೂ ಆಮೇಲೆ ಬಂತು. ಸುಳ್ಳು ದಾವೆಗಳಿದ್ದರೆ ಅದರ ಪೆಟ್ಟು ಮೊದಲು ಬೀಳುವುದು ನಿಜವಾಗಿ ನೊಂದವರ ಮೇಲೆ. ಮೇರಿಲ್ಯಾಂಡ್ 2023ರಲ್ಲಿ ಅವಧಿಯನ್ನೇ ತೆಗೆದುಹಾಕಿತ್ತು. ಸರ್ಕಾರದ ಮೇಲೇ ಸಾವಿರಾರು ದಾವೆ ಬಂದಾಗ 2025ರಲ್ಲಿ ಪರಿಹಾರದ ಮಿತಿ ಇಳಿಸಿತು. ಖಾಸಗಿ ಸಂಸ್ಥೆಗಳಿಗೆ 15 ಲಕ್ಷ ಡಾಲರಿದ್ದದ್ದು 7 ಲಕ್ಷ, ಸರ್ಕಾರಿ ಸಂಸ್ಥೆಗಳಿಗೆ 8.9 ಲಕ್ಷ ಇದ್ದದ್ದು 4 ಲಕ್ಷ. ನನಗೆ ಇದು ಅಷ್ಟು ಹಿಡಿಸಲಿಲ್ಲ. ಆದರೂ ಬಾಗಿಲನ್ನೇ ಮುಚ್ಚುವುದಕ್ಕಿಂತ ಪರಿಹಾರಕ್ಕೊಂದು ಮಿತಿ ಹಾಕುವುದು ಎಷ್ಟೋ ವಾಸಿ.

ಇನ್ನು, ಇದೆಲ್ಲ ನಮಗೇಕೆ ಅಂದಿರಲ್ಲ. ಹದಿಮೂರರ ಮಗ್ಗಿಯ ಆ ಅಮ್ಮ ಹೊರಡುವಾಗ ಒಂದು ಮಾತು ಕೇಳಿದರು. ‘ಈಗ ಏನಾದ್ರೂ ಮಾಡಕ್ಕಾಗುತ್ತಾ?’ ಪರಿಚಯದ ವಕೀಲರನ್ನು ವಿಚಾರಿಸಿದೆ. ಅವರಿಗೆ ಆದದ್ದು ಆಗಿನ ಭಾರತೀಯ ದಂಡ ಸಂಹಿತೆಯ 354ನೇ ಕಲಮಿಗೆ, ಅಂದರೆ ಹೆಣ್ಣಿನ ಮಾನಕ್ಕೆ ಧಕ್ಕೆ ತರುವ ಅಪರಾಧಕ್ಕೆ, ಬರುತ್ತದೆ. ಆಗ ಅದಕ್ಕೆ ಹೆಚ್ಚೆಂದರೆ ಎರಡು ವರ್ಷ ಶಿಕ್ಷೆ. ಅಂಥ ಅಪರಾಧಕ್ಕೆ ಮೂರು ವರ್ಷದೊಳಗೆ ಕೇಸಾಗಬೇಕು. ಅಂದರೆ ಅವರಿಗೆ ಹನ್ನೆರಡು ವರ್ಷ ತುಂಬುವಾಗಲೇ ಅವಧಿ ಮುಗಿದಿತ್ತು. ವಿಳಂಬ ಮನ್ನಿಸಲು ದಾರಿಯಿದೆ ಅಂತ ನೀವು ಹೇಳಬಹುದು. ಇದೆ, ಆದರೆ ಅದು ನ್ಯಾಯಾಧೀಶರ ಕೃಪೆಗೆ ಬಿಟ್ಟದ್ದು. ಸಿವಿಲ್ ದಾವೆಗೆ ನಮ್ಮ ಕಾಯ್ದೆ ಹದಿನೆಂಟು ತುಂಬುವವರೆಗೆ ಕಾಯುತ್ತದೆ. ಆಮೇಲೆ ಹೆಚ್ಚೆಂದರೆ ಮೂರು ವರ್ಷ. ಇಪ್ಪತ್ತೊಂದಕ್ಕೆ ಅದೂ ಮುಗಿಯಿತು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ಕ್ಕೆ. ಆ ಕಾಯ್ದೆಯಲ್ಲಿ ದೂರು ಕೊಡಲು ಕಾಲಮಿತಿ ಇಲ್ಲ ಅಂತ 2018ರಲ್ಲಿ ಕೇಂದ್ರ ಸರ್ಕಾರ ಸ್ಪಷ್ಟಪಡಿಸಿದೆ. ಆದರೆ 2012ಕ್ಕೆ ಮುಂಚೆ ನಡೆದದ್ದಕ್ಕೆ ಅದು ಅನ್ವಯಿಸುವುದಿಲ್ಲ.

ಆಗಲ್ಲ ಅಮ್ಮಾ ಅಂತ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಿರಲಿಲ್ಲ. ‘ಹೋಗ್ಲಿ ಬಿಡಿ ಸರ್’ ಅಂದರು.

ನೀವು ಗಮನಿಸಿರುತ್ತೀರಿ, ನಮ್ಮ ಸಂವಿಧಾನದಲ್ಲಿ ಸಿವಿಲ್ ದಾವೆಯ ಲಿಮಿಟೇಶನ್ ಇರುವುದು ಸಮವರ್ತಿ ಪಟ್ಟಿಯಲ್ಲಿ. ಅಂದರೆ ವಿಧಾನಸೌಧದಲ್ಲೂ ಈ ತಿದ್ದುಪಡಿ ತರಬಹುದು, ರಾಷ್ಟ್ರಪತಿಯವರ ಒಪ್ಪಿಗೆ ಬೇಕಾಗುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಮಾತ್ರ ಆ ಮೂರು ವರ್ಷದ ಗೆರೆಯನ್ನು ಎಲ್ಲಿಗೆ ಸರಿಸಬೇಕು? ನಿಮ್ಮ ಆತಂಕಕ್ಕೂ ಜಾಗ ಸಿಗುವ ಹಾಗೆ, ಸುಳ್ಳು ದಾವೆಗೆ ಎಡೆ ಕೊಡದ ಹಾಗೆ ಅದನ್ನು ಯಾವ ಮಾತಿನಲ್ಲಿ ಬರೆಯಬೇಕು? ಮೂವತ್ತು ವರ್ಷ ದಾವೆ ಅರ್ಜಿಗಳನ್ನು ಪರಿಶೀಲಿಸಿದ ಕೈ ನಿಮ್ಮದು. ಒಂದು ಕರಡು ಬರೆದು ಕಳಿಸುತ್ತೀರಾ? ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ಖಾಲಿ ಇಟ್ಟಿರುತ್ತೇನೆ.