ಹೊಸ ಆಂಟಿಬಯಾಟಿಕ್ ತಯಾರಿಸಲು ಔಷಧ ಕಂಪನಿಗಳು ಯಾಕೆ ಹಿಂಜರಿಯುತ್ತವೆ?

ಕಂಡುಹಿಡಿಯುವುದು ಕಷ್ಟ, ನಿಜ. ಆದರೆ ಹಾಕಿದ ದುಡ್ಡು ವಾಪಸ್ ಬರುವುದು ಇನ್ನೂ ಕಷ್ಟ. ಬಿಪಿ ಮಾತ್ರೆಯನ್ನು ವರ್ಷಗಟ್ಟಲೆ ನುಂಗಬೇಕು. ಆಂಟಿಬಯಾಟಿಕ್ ಒಂದೆರಡು ವಾರಕ್ಕೆ ಮುಗೀತು. ಅದೂ ಹೊಸದಾದರೆ, ಬ್ಯಾಕ್ಟೀರಿಯಾ ಅದಕ್ಕೂ ಒಗ್ಗಿಬಿಡಬಾರದೆಂದು ಡಾಕ್ಟರುಗಳು ಕೊನೆಯ ಅಸ್ತ್ರವಾಗಿ ತೆಗೆದಿಡುತ್ತಾರೆ. ಅದು ಸರಿಯೇ, ಆದರೆ ಕಂಪನಿಗೆ ವ್ಯಾಪಾರ ಎಲ್ಲಿಂದ ಬರಬೇಕು?

ಅಮೆರಿಕದ ಅಕೇಯೋಜೆನ್ ಕಂಪನಿಯನ್ನೇ ನೋಡಿ. ಅದರ ಪ್ಲಾಜೋಮೈಸಿನ್ ಎಂಬ ಆಂಟಿಬಯಾಟಿಕ್‌ಗೆ 2018ರ ಜೂನ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಸಿಕ್ಕಿತು. ಆ ವರ್ಷದ ಮಾರಾಟ 10 ಲಕ್ಷ ಡಾಲರ್ ಕೂಡ ಮುಟ್ಟಲಿಲ್ಲ. 2019ರ ಏಪ್ರಿಲ್‌ನಲ್ಲಿ ಕಂಪನಿಯೇ ದಿವಾಳಿ! ಔಷಧ ಫೇಲಾಗಿರಲಿಲ್ಲ, ಗಮನಿಸಿ. ಚೀನಾ ಬಿಟ್ಟು ಉಳಿದ ಕಡೆಯ ಹಕ್ಕನ್ನು ಆಮೇಲೆ ನಮ್ಮ ಸಿಪ್ಲಾ ಕೊಂಡುಕೊಂಡಿತು.

ಇಂಗ್ಲೆಂಡ್ 2022ರಲ್ಲಿ ಬೇರೆ ದಾರಿ ಹಿಡಿಯಿತು. ಎಷ್ಟೇ ಡೋಸ್ ಬಳಸಲಿ, ಎರಡು ಆಂಟಿಬಯಾಟಿಕ್‌ಗಳಿಗೆ ವರ್ಷಕ್ಕೆ ಇಂತಿಷ್ಟು ಅಂತ ದುಡ್ಡು ಕೊಡುವ ಒಪ್ಪಂದ ಮಾಡಿಕೊಂಡಿತು. ನನಗಂತೂ ಇದೇ ವಾಸಿ ಅನ್ನಿಸುತ್ತದೆ.