ಸ್ಟ್ರೆಚರ್‌ಗೆ ಸ್ಯಾನಿಟೈಸರ್ ಸಿಂಪಡಿಸಿದರೆ ಸಾಕಾ?

ನೀವು 108ರಲ್ಲಿ ಹೊಸದಾಗಿ ಸೇರಿದ್ದೀರಿ. ಒಬ್ಬ ರೋಗಿಯನ್ನು ಇಳಿಸಿದ ಮೇಲೆ ಸ್ಟ್ರೆಚರ್‌ಗೆ ಸ್ಯಾನಿಟೈಸರ್ ಸಿಂಪಡಿಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ರಕ್ತ, ಕಫ, ವಾಂತಿ ಮೆತ್ತಿಕೊಂಡಿದ್ದರೆ ಅದರಡಿಯ ಬ್ಯಾಕ್ಟೀರಿಯಾಕ್ಕೆ ಔಷಧ ಸರಿಯಾಗಿ ತಾಗುವುದೇ ಇಲ್ಲ. ಗ್ಲೌಸ್ ಹಾಕಿಕೊಂಡು ಮೊದಲು ಒರೆಸಿ ತೆಗೆಯಿರಿ. ರಕ್ತ ಬಿದ್ದ ಕಡೆ 1% ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಹಾಕಿ, 10 ನಿಮಿಷ ಒದ್ದೆಯಾಗಿಯೇ ಬಿಡಿ. ಕ್ಯಾನ್‌ನಲ್ಲಿ 5% ಅಂತಿದ್ದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು. ದಿನಾ ಹೊಸದಾಗಿ ಕಲಸಿ, ಆಸಿಡ್ ಜೊತೆ ಮಾತ್ರ ಬೆರೆಸಲೇಬೇಡಿ, ವಿಷಗಾಳಿ ಬರುತ್ತದೆ. ಇದರಿಂದ ಲೋಹಕ್ಕೆ ತುಕ್ಕು ಹಿಡಿಯುತ್ತದೆ, ಹಾಗಾಗಿ ಆಮೇಲೆ ನೀರಲ್ಲಿ ಒರೆಸಿಬಿಡಿ.

ನಿಜ ಹೇಳಬೇಕೆಂದರೆ ನನಗೆ ಸ್ಟ್ರೆಚರ್‌ಗಿಂತ ಜಾಸ್ತಿ ಚಿಂತೆ ತೋಳಿಗೆ ಸುತ್ತುವ ಬಿಪಿ ಪಟ್ಟಿಯದು. ಸ್ಟ್ರೆಚರ್ ಕೊಳೆಯಾದರೆ ಕಣ್ಣಿಗೆ ಕಾಣುತ್ತದೆ, ಅಲ್ವಾ? ಬಟ್ಟೆಯ ಪಟ್ಟಿ ಮಾತ್ರ ಸುಮ್ನೆ ತೋಳಿಂದ ತೋಳಿಗೆ ಹೋಗುತ್ತಿರುತ್ತದೆ. ಎಂಆರ್‌ಎಸ್‌ಎ ಥರದ, ಹಲವು ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಒಣ ಜಾಗದಲ್ಲೂ ವಾರಗಟ್ಟಲೆ ಬದುಕುತ್ತದೆ. ಒರೆಸಬಹುದಾದ ರೆಕ್ಸಿನ್ ಥರದ ಪಟ್ಟಿ ಕೇಳಿ ಪಡೆಯಿರಿ. ಸ್ಟೆತಸ್ಕೋಪ್‌ಗೆ 70% ಆಲ್ಕೋಹಾಲ್ ಸಾಕು, ಪ್ರತಿ ರೋಗಿಯ ನಂತರ.

ಆಕ್ಸಿಜನ್‌ಗೆ ತೇವ ಕೊಡುವ ಬಾಟಲಿಯ ನೀರನ್ನೂ ನೋಡಿ. ನಿಂತ ನೀರಲ್ಲಿ ಸ್ಯೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಹಳೆಯ ನೀರಿಗೆ ಹೊಸದು ಸೇರಿಸಬೇಡಿ. ಪೂರ್ತಿ ಚೆಲ್ಲಿ, ತೊಳೆದು ಒಣಗಿಸಿ, ಬೇಕಾದಾಗ ಸ್ಟೆರೈಲ್ ನೀರನ್ನೇ ತುಂಬಿ. ಹಾಗೇ, ರೋಗಿಯನ್ನು ಮುಟ್ಟಿದ ಗ್ಲೌಸ್‌ನಲ್ಲೇ ಬಾಗಿಲು, ಫೋನ್ ಮುಟ್ಟಬೇಡಿ ಅಂತ ಪೈಲಟ್‌ಗೂ (ಆಂಬ್ಯುಲೆನ್ಸ್ ಚಾಲಕನಿಗೂ) ಹೇಳಿ.